ದೇವರು ಕೊಟ್ಟ ಕಿರೀಟ, ಪೋಪ್ ಕೊಟ್ಟ ಕ್ಯಾಲೆಂಡರ್

ಸ್ವೀಡನ್ನಿನಲ್ಲಿ 1712ರ ಫೆಬ್ರವರಿಗೆ 30 ದಿನ ಇತ್ತು. ಅಚ್ಚಿನ ತಪ್ಪಲ್ಲ, ಸಾಕ್ಷಾತ್ ರಾಜಾಜ್ಞೆ. ಹೊರಡಿಸಿದವನು ಹನ್ನೆರಡನೇ ಚಾರ್ಲ್ಸ್. ದೇವರನ್ನು ಬಿಟ್ಟರೆ ಇನ್ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದು ನಂಬಿದ್ದ ದೊರೆ. ಒಪ್ಪಿಸದೆ ಒಪ್ಪಿಸದೆ ಲೆಕ್ಕದ ಅಭ್ಯಾಸವೇ ತಪ್ಪಿಹೋಗಿತ್ತು ಅಂತ ಕಾಣುತ್ತೆ.

ಆಗಿದ್ದು ಇಷ್ಟು. ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋಗೋಣ ಎಂದು ಸ್ವೀಡನ್ ನಿರ್ಧಾರ ಮಾಡಿತು. ನಡುವೆ ಆ ಹೊತ್ತಿಗೆ 11 ದಿನದ ಅಂತರ (1700ಕ್ಕೆ ಮೊದಲು 10 ಇತ್ತು). ಮೊದಲೇ ಬದಲಾಯಿಸಿದ ದೇಶದವರು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಅಂತರವನ್ನೆಲ್ಲ ಹಾರಿಬಿಟ್ಟಿದ್ದರು. ಸ್ವೀಡನ್ನಿನವರು ನಿಧಾನಸ್ಥರು. 1700ರಿಂದ 40 ವರ್ಷ ಫೆಬ್ರವರಿ 29 ಅನ್ನೋದೇ ಬೇಡ, ಒಂದೊಂದೇ ದಿನ ಕಳೆದು ಹೊಸ ಲೆಕ್ಕಕ್ಕೆ ಸೇರಿಕೊಳ್ಳೋಣ ಎಂದರು. 1700ರಲ್ಲಿ ಒಂದು ದಿನ ಕಳೆದರು. ಅದೇ ವರ್ಷ ಯುದ್ಧ ಶುರುವಾಯಿತು. 1704ರಲ್ಲಿ ಕಳೆಯೋದು ಮರೆತರು. 1708ರಲ್ಲೂ ಮರೆತರು. ಕೊನೆಗೆ ಸ್ವೀಡನ್ನಿನ ತಾರೀಖು ಹಳಬರಿಗೂ ಹೊಂದಲಿಲ್ಲ, ಹೊಸಬರಿಗೂ ಹೊಂದಲಿಲ್ಲ. ಇಡೀ ಭೂಮಿಯ ಮೇಲೆ ಅವರಿಗೆ ಮಾತ್ರ ಸೇರಿದ ತಾರೀಖು ಅದು. ಸ್ವಾತಂತ್ರ್ಯ ಅಂದ್ರೆ ಇದಲ್ವಾ!

1709ರಲ್ಲಿ ಪೋಲ್ಟಾವದಲ್ಲಿ ರಷ್ಯಾದ ಪೀಟರ್ ಇದೇ ಚಾರ್ಲ್ಸ್‌ನನ್ನು ಸೋಲಿಸಿದ. ರಷ್ಯಾದವರ ಪ್ರಕಾರ ಯುದ್ಧ ನಡೆದದ್ದು ಜೂನ್ 27. ಸ್ವೀಡನ್ನಿನವರ ಪ್ರಕಾರ ಜೂನ್ 28. ಪ್ಯಾರಿಸ್‌ನಲ್ಲಿ ಕೇಳಿದರೆ ಜುಲೈ 8. ಒಂದೇ ಬೆಳಗಿನಲ್ಲಿ ಮೂರು ಮೂರು ತಾರೀಖಿಗೆ ಸೋತ ರಾಜ ಬೇರೆ ಯಾರಾದರೂ ಇದ್ದಾನೋ ಇಲ್ಲವೋ. ಸೋತವನು ಓಡಿಹೋಗಿ ತುರ್ಕಿ ಸುಲ್ತಾನನ ಆಶ್ರಯದಲ್ಲಿ ಕೂತ. ಅಲ್ಲಿ ಹಿಜರಿ ಲೆಕ್ಕ. ಅಲ್ಲಿದ್ದಾಗಲೇ ಈ ಸಹವಾಸವೇ ಬೇಡ ಅನ್ನಿಸಿ, ಹಳೆಯ ಕ್ಯಾಲೆಂಡರಿಗೇ ವಾಪಸ್ ಹೋಗಿ ಎಂದು ಆಜ್ಞೆ ಮಾಡಿದ. ಕಳೆದಿದ್ದ ಒಂದು ದಿನವನ್ನು ಹಿಂದಕ್ಕೆ ಕೊಡಬೇಕಲ್ಲ, 1712ರ ಫೆಬ್ರವರಿಗೆ ಅಂಟಿಸಿದರು. ಅದು ಹೇಗೂ ಅಧಿಕ ವರ್ಷ, 29 ಇದ್ದೇ ಇತ್ತು. 30 ಆಯಿತು.

ಇಷ್ಟೆಲ್ಲ ಫಜೀತಿ ಯಾಕೆ? ಹೊಸ ಕ್ಯಾಲೆಂಡರಿನಲ್ಲಿ ತಪ್ಪಿತ್ತಾ? ಇರಲಿಲ್ಲ. ಅದಕ್ಕೆ ಸಹಿ ಹಾಕಿದವನು ಕ್ಯಾಥೊಲಿಕ್ಕರ ಗುರು ಪೋಪ್, ಸ್ವೀಡನ್ನಿನವರು ಪೋಪನನ್ನು ಒಪ್ಪದ ಪ್ರೊಟೆಸ್ಟೆಂಟರು. ಅದೊಂದೇ ತಪ್ಪು.

1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಎಂದು ಫರ್ಮಾನು ಹೊರಡಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ಕ್ಯಾಲೆಂಡರಿನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಆ ನಿಮಿಷಗಳೇ ಕೂಡಿ ಕೂಡಿ ವಸಂತ ವಿಷುವ, ಅಂದರೆ ಹಗಲು ರಾತ್ರಿ ಸಮ ಇರುವ ದಿನ, ಮಾರ್ಚ್ 21ರಿಂದ 11ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ಲೆಕ್ಕವೆಲ್ಲ ಆ 21ರ ಮೇಲೆಯೇ ನಿಂತಿತ್ತು. ಸ್ಪೇನ್, ಪೋರ್ಚುಗಲ್ ತಕ್ಷಣ ತಲೆ ಬಾಗಿಸಿದವು. ಫ್ರಾನ್ಸ್ ಡಿಸೆಂಬರಿನಲ್ಲಿ ಬಾಗಿಸಿತು. ಪ್ರೊಟೆಸ್ಟೆಂಟ್ ರಾಜರು ಮಾತ್ರ, ಇದರಲ್ಲಿ ಏನೋ ಮಸಲತ್ತು ಇದೆ ಎಂದರು. ಅನುಮಾನ ಸುಮ್ನೆ ಬಂದಿರಲಿಲ್ಲ ಬಿಡಿ. ಹತ್ತು ವರ್ಷ ಹಿಂದೆ ಪ್ಯಾರಿಸ್‌ನಲ್ಲಿ ಪ್ರೊಟೆಸ್ಟೆಂಟರ ಮಾರಣಹೋಮ ನಡೆದಾಗ ಇದೇ ಪೋಪ್ ಅದರ ನೆನಪಿಗೆ ಪದಕ ಹೊಡೆಸಿದ್ದ. ಅಂಥವನು ಕೊಟ್ಟರೆ ಸರಿಯಾದ ಗಂಟೆಯನ್ನೂ ಯಾರು ತೆಗೆದುಕೊಳ್ಳುತ್ತಾರೆ?

ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಸಲಹೆಗಾರರು 1583ರಲ್ಲಿ ಬದಲಾಯಿಸೋಣ ಎಂದರು. ಬಿಷಪ್ಪರು ಬೇಡ ಎಂದರು. ಆ 'ಬೇಡ' 1752ರವರೆಗೂ ನಡೆಯಿತು. ಸೂರ್ಯನ ಮಾತು ಕೇಳಿದರೆ ಪೋಪನ ಮಾತು ಕೇಳಿದ ಹಾಗೆ ಆಗುತ್ತಲ್ಲ.

ತಾರೀಖಿನ ವಿಷಯದಲ್ಲಿ ಮಡಿ ಮಾಡುತ್ತಿದ್ದ ಈ ದೊರೆಗಳು ದುಡ್ಡಿನ ವಿಷಯದಲ್ಲಿ ಹೇಗಿದ್ದರು ನೋಡಿ. 1631ರಲ್ಲಿ ಸ್ವೀಡನ್ನಿನ ಲೂಥರನ್ (ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡ) ರಾಜ ಗುಸ್ತಾವ್ ಅಡಾಲ್ಫ್ ಜರ್ಮನಿಗೆ ನುಗ್ಗಿ ಅಲ್ಲಿನ ಕ್ಯಾಥೊಲಿಕ್ ಚಕ್ರವರ್ತಿಯ ಮೇಲೆ ಯುದ್ಧ ಮಾಡುತ್ತಿದ್ದ. ಧರ್ಮಯುದ್ಧ! ಅವನಿಗೆ ಖರ್ಚಿಗೆ ಕೊಟ್ಟವರು ಯಾರು? ಕ್ಯಾಥೊಲಿಕ್ ಫ್ರಾನ್ಸ್. ಅಲ್ಲಿನ ಮಂತ್ರಿ ರಿಷೆಲ್ಯು ಬೇರೆ ಯಾರೋ ಅಲ್ಲ, ಪೋಪನೇ ನೇಮಿಸಿದ ಕಾರ್ಡಿನಲ್, ಅಂದರೆ ಪೋಪನ ನಂತರದ ಸಾಲಿನ ಧರ್ಮಗುರು. ವರ್ಷಕ್ಕೆ 4 ಲಕ್ಷ ಥಾಲರ್ (ಬೆಳ್ಳಿ ನಾಣ್ಯ) ಕೊಡುವುದೆಂದು ಬೇರ್ವಾಲ್ಡೆ ಎಂಬ ಊರಿನಲ್ಲಿ ಒಪ್ಪಂದವಾಯಿತು. ಪತ್ರದ ತಾರೀಖು ಜನವರಿ 13/23. ಮೇಲೆ ಲೂಥರನ್ನರ 13, ಕೆಳಗೆ ಕ್ಯಾಥೊಲಿಕ್ಕರ 23, ನಡುವೆ ಒಂದು ಗೆರೆ. ಇಬ್ಬರಿಗೂ ಒಂದೇ ದಿನ ಇರಬಾರದು, ಆದರೆ ಹಣದ ಪತ್ರ ಒಂದೇ ಇದ್ದರೆ ಅಡ್ಡಿಯಿಲ್ಲ. ಯುರೋಪಿನ ರಾಜತಾಂತ್ರಿಕರು ನೂರೈವತ್ತು ವರ್ಷಕ್ಕೂ ಜಾಸ್ತಿ ಇದೇ ಗೆರೆ ಎಳೆದುಕೊಂಡು ಕಾಲ ಹಾಕಿದರು.

ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಕಾಲಕ್ಕೆ ಬಂದರೆ ಹಾಸ್ಯ ಹೊಟ್ಟೆಗೆ ಚುಚ್ಚುತ್ತದೆ. 1685ರ ಅಕ್ಟೋಬರಿನಲ್ಲಿ ಅವನು ಪ್ರೊಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಶಾಸನ ರದ್ದು ಮಾಡಿ, ನನ್ನ ರಾಜ್ಯದಲ್ಲಿ ಪ್ರೊಟೆಸ್ಟೆಂಟ್ ಧರ್ಮವೇ ಇರಕೂಡದು ಎಂದ. ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಬ್ರಾಂಡೆನ್‌ಬುರ್ಗ್‌ನ ಪ್ರೊಟೆಸ್ಟೆಂಟ್ ದೊರೆ ಅದೇ ಶರತ್ಕಾಲದಲ್ಲಿ ಬನ್ನಿ ಎಂದು ಕರೆದ. ಕರುಣೆ ಇತ್ತು, ಕಸುಬು ಗೊತ್ತಿದ್ದ ಜನ ಬೇಕು ಅನ್ನೋ ಆಸೆಯೂ ಇತ್ತು. ಅವನ ರಾಜ್ಯದಲ್ಲಿ ಇನ್ನೂ ಹಳೆಯ ಕ್ಯಾಲೆಂಡರ್. ಮನೆ, ಮಗ್ಗ, ಅಂಗಡಿ ಎಲ್ಲ ಕಳೆದುಕೊಂಡು ಗಡಿ ದಾಟಿದವರಿಗೆ ಹತ್ತು ದಿನ ಲಾಭ.

ಲೂಯಿಯ ಶತ್ರು, ಡಚ್ಚರ ವಿಲಿಯಂ, 1688ರಲ್ಲಿ ಇಂಗ್ಲೆಂಡಿನ ಕ್ಯಾಥೊಲಿಕ್ ರಾಜ ಜೇಮ್ಸ್‌ನನ್ನು ಇಳಿಸಲು ಹೊರಟ. ಜೇಮ್ಸ್ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಅಪ್ಪ. ಹಾಲೆಂಡ್ ಬಿಟ್ಟದ್ದು ನವೆಂಬರ್ 11. ಇಂಗ್ಲೆಂಡ್ ಮುಟ್ಟಿದ್ದು ನವೆಂಬರ್ 5. ಹೊರಡುವ ಆರು ದಿನ ಮೊದಲೇ ತಲುಪಿದ ದಂಡು! ಜೇಮ್ಸ್ ಡಿಸೆಂಬರಿನಲ್ಲಿ ಫ್ರಾನ್ಸಿಗೆ ಪರಾರಿಯಾದ. ಅವನ ಇಂಗ್ಲಿಷ್ ಲೆಕ್ಕದಲ್ಲಿ ಫ್ರಾನ್ಸಿನ ದಡ ಸೇರಿದ್ದು ಕ್ರಿಸ್‌ಮಸ್ ದಿನ. ದಡದ ಮೇಲಿದ್ದವರಿಗೆ ಹಬ್ಬ ಮುಗಿದು ಹತ್ತು ದಿನ. ಕ್ಯಾಥೊಲಿಕ್ ಧರ್ಮಕ್ಕಾಗಿ ಸಿಂಹಾಸನ ಕಳೆದುಕೊಂಡವನಿಗೆ ಕ್ಯಾಥೊಲಿಕ್ ದೇಶದಲ್ಲಿ ಕ್ರಿಸ್‌ಮಸ್ಸೂ ಸಿಗಲಿಲ್ಲ.

ಇದು ನಮ್ಮ ಕರಾವಳಿಗೂ ಬಂದಿತ್ತು. ಗೋವಾದಲ್ಲಿ ಪೋರ್ಚುಗೀಸರದು ಹೊಸ ತಾರೀಖು. ಪಕ್ಕದ ಕಾರವಾರದಲ್ಲಿ ಕೋಠಿ ಹಾಕಿಕೊಂಡಿದ್ದ ಇಂಗ್ಲಿಷ್ ಕಂಪನಿಯದು ಹಳೆಯದು. ನಮ್ಮವರು ಇಬ್ಬರ ಗೋಜಿಗೂ ಹೋಗದೆ ಮಾಸ, ತಿಥಿ ಎಣಿಸಿಕೊಂಡು ಮೆಣಸು ಮಾರಿದರು.

ಜರ್ಮನಿಯ ಪ್ರೊಟೆಸ್ಟೆಂಟ್ ರಾಜರು 1700ರಲ್ಲಿ ಸೋಲೊಪ್ಪಿಕೊಂಡರು. ಆದರೆ ಹೆಸರು ಬದಲಾಯಿಸಿದರು: 'ಸುಧಾರಿತ ಕ್ಯಾಲೆಂಡರ್'. ಸರ್ಕಾರ ಬದಲಾದಾಗ ಹಳೇ ಯೋಜನೆಗೆ ಹೊಸ ಬೋರ್ಡು ಹಾಕುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಫೆಬ್ರವರಿ 18ರ ಮರುದಿನ ಮಾರ್ಚ್ 1 ಬಂತು. ಈಸ್ಟರನ್ನು ಮಾತ್ರ ಪೋಪನ ಕೋಷ್ಟಕದಿಂದ ತೆಗೆಯುವುದಿಲ್ಲ, ಆಕಾಶ ನೋಡಿಯೇ ಲೆಕ್ಕ ಹಾಕುತ್ತೇವೆ ಎಂದು ಹಟ ಹಿಡಿದರು. ಫಲ, 1724ರಲ್ಲಿ ಮತ್ತು 1744ರಲ್ಲಿ ಪಕ್ಕಪಕ್ಕದ ಊರುಗಳಲ್ಲಿ ಏಸು ಒಂದು ವಾರದ ಅಂತರದಲ್ಲಿ ಎರಡೆರಡು ಸಲ ಎದ್ದು ಬಂದ.

ಇಂಗ್ಲಿಷರದು ಇನ್ನೂ ನಾಜೂಕು. ಕ್ಯಾಲೆಂಡರ್ ಬದಲಿಸುವ ಮಸೂದೆ ಮಂಡಿಸಿದ ಲಾರ್ಡ್ ಚೆಸ್ಟರ್‌ಫೀಲ್ಡ್‌ಗೆ ಖಗೋಳ ಒಂದು ಅಕ್ಷರ ಬರುತ್ತಿರಲಿಲ್ಲ. ಅದನ್ನು ಮಗನಿಗೆ ಬರೆದ ಕಾಗದದಲ್ಲಿ ತಾನೇ ಹೇಳಿಕೊಂಡ. ಚೆನ್ನಾಗಿ ಮಾತಾಡಿದೆ, ಸಭೆಗೆ ಅರ್ಥವಾಯಿತು ಅನ್ನಿಸಿತು, ಪಾಸಾಯಿತು. ಕಾಯ್ದೆಯಲ್ಲಿ ಗ್ರೆಗರಿಯ ಹೆಸರು ಎಲ್ಲಿಯೂ ಇಲ್ಲ. ಈಸ್ಟರಿಗೆ ತಮ್ಮದೇ ಕೋಷ್ಟಕ ಬರೆದುಕೊಂಡರು, ಉತ್ತರ ಮಾತ್ರ ಪ್ರತಿ ವರ್ಷ ಪೋಪನದೇ ಬರುವ ಹಾಗೆ. 1752ರಲ್ಲಿ ಸೆಪ್ಟೆಂಬರ್ 2, ಬುಧವಾರ ಮಲಗಿದವರು ಸೆಪ್ಟೆಂಬರ್ 14, ಗುರುವಾರ ಎದ್ದರು. ನಮ್ಮ 11 ದಿನ ಕೊಡಿ ಎಂದು ಜನ ದಂಗೆ ಎದ್ದರು ಅನ್ನೋ ಕಥೆ ಕಟ್ಟುಕಥೆ. ಜನ ರಾಜರಿಗಿಂತ ಬುದ್ಧಿವಂತರಿದ್ದರು.

ಒಂದು ಬಾಕಿ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿ ವಿಲಿಯಂ ಜೇಮ್ಸ್‌ನನ್ನು ಮತ್ತೆ ಸೋಲಿಸಿದ. ಪ್ರೊಟೆಸ್ಟೆಂಟರ ಮಹಾವಿಜಯ ಎಂದು ಉತ್ತರ ಐರ್ಲೆಂಡಿನಲ್ಲಿ ಇವತ್ತಿಗೂ ಕಿತ್ತಳೆ ಪಟ್ಟಿ ಧರಿಸಿ, ಡೋಲು ಬಡಿದು ಮೆರವಣಿಗೆ ಹೋಗುತ್ತಾರೆ, ಸರ್ಕಾರಿ ರಜೆಯೂ ಇದೆ. ಆಗ ವಿಲಿಯಂನ ಮೈತ್ರಿಕೂಟದಲ್ಲಿ ಕ್ಯಾಥೊಲಿಕ್ ಚಕ್ರವರ್ತಿಯೂ ಸ್ಪೇನಿನ ಕ್ಯಾಥೊಲಿಕ್ ರಾಜನೂ ಇದ್ದರು, ಅದನ್ನು ಡೋಲಿನವರು ಹೇಳುವುದಿಲ್ಲ. ಯುದ್ಧ ನಡೆದದ್ದು ಹಳೆಯ ಲೆಕ್ಕದಲ್ಲಿ ಜುಲೈ 1. ಮೆರವಣಿಗೆ ಹೊರಡುವುದು ಪೋಪ್ ಗ್ರೆಗರಿಯ ಕ್ಯಾಲೆಂಡರಿನ ಪ್ರಕಾರ. ಅದಾದರೂ ಸರಿಯಾಗಿ ಹೊರಡುತ್ತಾ? ಆ ಶತಮಾನದಲ್ಲಿ ಅಂತರ ಇದ್ದದ್ದು 10 ದಿನ, ಕೂಡಿದರೆ ಜುಲೈ 11. ಬೆಲ್‌ಫಾಸ್ಟ್‌ನಲ್ಲಿ ಡೋಲು ಬಡಿಯುವುದು 12ಕ್ಕೆ.