ವಿಸರ್ಗ ನುಂಗಿದ ಮೈಕು

'21 ದಿನಗಳಲ್ಲಿ ಶ್ರೀರುದ್ರ. ಆನ್‌ಲೈನ್ ಬ್ಯಾಚ್, ಇ-ಸರ್ಟಿಫಿಕೇಟ್ ಉಚಿತ, ಸೀಟುಗಳು ಸೀಮಿತ.' ಇಂಥ ಪೋಸ್ಟರ್ ವಾಟ್ಸಾಪಿಗೆ ಬರದ ಶ್ರಾವಣವಿಲ್ಲ. ಶ್ರೀರುದ್ರವೆಂಬ ಯಜುರ್ವೇದದ ಶಿವಸ್ತುತಿಗೆ ನಮಕ, ಚಮಕ ಎಂದು ಎರಡು ಭಾಗ. ನಮಕದಲ್ಲಿ 11 ಅನುವಾಕ, ಅಂದರೆ ಖಂಡ, ಚಮಕದಲ್ಲಿ 11, ಒಟ್ಟು 22. ದಿನ 21. ಮಿಕ್ಕ ಒಂದು ಅನುವಾಕ ಬಹುಶಃ ಹೋಂವರ್ಕ್. ಸಂತೆ ಹೊತ್ತಿಗೆ ಮೂರು ಮೊಳ ನೇಯುವವರು ನಮ್ಮಲ್ಲಿ ಹಿಂದೆಯೂ ಇದ್ದರು. ಈಗ ಮಗ್ಗಕ್ಕೆ ವೈಫೈ ಬಂದಿದೆ.

ವೇದ ಕಲಿಸುವ ಕ್ರಮಕ್ಕೆ ಪಾಠಶಾಲೆಯಲ್ಲಿ ಸಂಥೆ ಎನ್ನುತ್ತಾರೆ. ಗುರು ಒಂದು ಸಲ, ಶಿಷ್ಯ ಎರಡು ಸಲ. ತಪ್ಪಿದಲ್ಲೇ ತಡೆದು ತಿದ್ದಬೇಕು. ಜೂಮಿನಲ್ಲಿ 40 ಜನರ ಮೈಕು ತೆರೆದರೆ ಒಬ್ಬೊಬ್ಬರ ದನಿ ಒಂದೊಂದು ತಡದಲ್ಲಿ ಬರುತ್ತದೆ. ಇವನು ಉಳಿದವರಿಗಾಗಿ ಕಾದು ನಿಧಾನಿಸುತ್ತಾನೆ, ಉಳಿದವರು ಇವನಿಗಾಗಿ ಕಾಯುತ್ತಾರೆ. ಸಾಲದ್ದಕ್ಕೆ ಸಾಫ್ಟ್‌ವೇರು ದೊಡ್ಡ ಗಂಟಲಿನವನನ್ನು ಮುಂದೆ ಮಾಡಿ ಮಿಕ್ಕವರ ದನಿ ತಗ್ಗಿಸುತ್ತದೆ. ಸಂಥೆಯ ಮಹಾಪ್ರಾಣ ಹೋಗಿ ಸಂತೆಯಾಗುತ್ತದೆ. ಗದ್ದಲ ತಾಳಲಾರದೆ ಸಂಘಟಕರು ಎಲ್ಲರನ್ನೂ ಮ್ಯೂಟ್ ಮಾಡುತ್ತಾರೆ. ಅಲ್ಲಿಂದಾಚೆ ಗುರು ಒಂದು ಸಲ ಹೇಳಿದರೆ ಶಿಷ್ಯರು ಎರಡು ಸಲ ತುಟಿ ಅಲ್ಲಾಡಿಸುತ್ತಾರೆ. ತಿದ್ದಬೇಕಾದ ಗುರುವಿಗೆ ಕಾಣುವುದು 40 ಬಾಯಿ, ಕೇಳುವುದು ತನ್ನದೇ ಮನೆಯ ಕುಕ್ಕರ್.

ಮೈಕು ತೆರೆದಿದ್ದರೂ ದೊಡ್ಡ ಲಾಭವೇನಿಲ್ಲ. ಮೀಟಿಂಗ್ ಆ್ಯಪ್‌ಗಳನ್ನು ಕಟ್ಟಿದ್ದು ಆಫೀಸಿನ ಮಾತಿಗಾಗಿ. ಫ್ಯಾನಿನ ಸದ್ದು, ಗಾಳಿ, ಏದುಸಿರು ಎಲ್ಲವನ್ನೂ ಅವು ಕಸವೆಂದು ಸೋಸುತ್ತವೆ. ಮೆಲ್ಲಗೆ ಬಿಟ್ಟ ವಿಸರ್ಗವೂ ಆ ಜರಡಿಗೆ ಬರೀ ಗಾಳಿಯೇ. 'ನಮಃ' ಎಂದು ಹೊರಟದ್ದು ಎಷ್ಟೋ ಸಲ 'ನಮ' ಎಂದು ತಲುಪುತ್ತದೆ. ನಮಃ ಇಲ್ಲದ ನಮಕ ಹಿಂದಿಯವರ ಉಪ್ಪಷ್ಟೇ. ಹಳೆಯ ಬ್ಲೂಟೂತ್ ಹೆಡ್‌ಸೆಟ್ಟಿನ ಕಥೆ ಇನ್ನೊಂದು. ಮೈಕು ಚಾಲೂ ಆದೊಡನೆ ಅದು ಫೋನ್ ಕರೆಯ ಮಟ್ಟಕ್ಕಿಳಿದು 4 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಕತ್ತರಿಸುತ್ತದೆ. ಸಕಾರದ ಜೀವವಿರುವುದೇ ಆ ಎತ್ತರದಲ್ಲಿ. ಶ, ಷ, ಸ ಮೂರೂ ಅಲ್ಲಿ ಸಮಾನತೆ ಸಾಧಿಸುತ್ತವೆ.

ಇದಕ್ಕಿಂತ ಸೊಗಸು ನೆಟ್‌ವರ್ಕ್ ಕುಂಟಿದಾಗಿನದು. ದಾರಿಯಲ್ಲಿ ಕಳೆದ ದನಿಯ ತುಣುಕಿನ ಜಾಗವನ್ನು ಖಾಲಿ ಬಿಟ್ಟರೆ ಕಿವಿಗೆ ಕಿರಿಕಿರಿ ಎಂದು, ಹಿಂದಿನ ತುಣುಕನ್ನು ನೋಡಿ ತಂತ್ರಾಂಶವೇ ಒಂದು ಸದ್ದನ್ನು ಊಹಿಸಿ ತುಂಬುತ್ತದೆ. ಒಂದಕ್ಷರವೂ ಕಳೆಯಬಾರದೆಂದು ಪದ, ಕ್ರಮ, ಜಟೆ, ಘನ ಎಂದು ಬಗೆಬಗೆಯಲ್ಲಿ ಪದಗಳನ್ನು ಹೆಣೆದು ಕಾಪಾಡಿದ ಪಾಠಪದ್ಧತಿ ಇದು. ಯುನೆಸ್ಕೊ 2003ರಲ್ಲಿ ಮೌಖಿಕ ಪರಂಪರೆಯ ಮೇರುಕೃತಿಗಳ ಸಾಲಿಗೆ ಸೇರಿಸಿದ್ದು ಇದನ್ನೇ. ಅದರೊಳಗೆ ಈಗ ಯಾವ ಋಷಿಯೂ ಕಾಣದ, ಯಾವ ಗುರುವೂ ಹೇಳದ ಅಕ್ಷರಗಳು ಸೇರುತ್ತಿವೆ. ಯಾವ ಮನುಷ್ಯನೂ ರಚಿಸಿದ್ದಲ್ಲವಾದ್ದರಿಂದ ಅವನ್ನೂ ಅಪೌರುಷೇಯ ಎನ್ನಲು ಅಡ್ಡಿಯಿಲ್ಲ.

ಮದ್ದು ಇಲ್ಲವೆಂದಲ್ಲ. ಜೂಮಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಎಂಬುದೊಂದಿದೆ. ಅದನ್ನು ಒತ್ತಿ, ತಂತಿಯ ಇಯರ್‌ಫೋನ್ ಸಿಕ್ಕಿಸಿಕೊಂಡು ಎಕೋ ಕ್ಯಾನ್ಸಲೇಷನ್ ತೆಗೆದರೆ ಜರಡಿ ಸರಿಯುತ್ತದೆ. ಕೆಲಸ ಒಂದು ನಿಮಿಷದ್ದು. ತೊಡಕಿರುವುದು ಹೆಸರಿನಲ್ಲಿ. ವೇದದ ಉಚ್ಚಾರಣೆಯ ನಿಯಮ ಹೇಳುವ ಶಿಕ್ಷಾಶಾಸ್ತ್ರ ಆರು ಬಗೆಯ ಅಧಮ ಪಾಠಕರನ್ನು ಎಣಿಸುವಾಗ ಮೊದಲು ಬೆರಳು ಮಡಚುವುದೇ 'ಗೀತೀ' ಎಂದು, ಅಂದರೆ ವೇದವನ್ನು ಹಾಡುವವನು. ಶುದ್ಧವಾಗಿ ಕೇಳಿಸಬೇಕಾದರೆ ಸಂಗೀತಗಾರನೆಂದು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಅಧಮ. ಪಟ್ಟಿಯಲ್ಲಿ ಮುಂದಿನವನು ಶೀಘ್ರೀ: ರೆಕಾರ್ಡಿಂಗನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ಕಲಿತವನು. ತಲೆ ಅಲ್ಲಾಡಿಸುವ ಶಿರಃಕಂಪಿಗೆ ಕ್ಯಾಮೆರಾ ಆನ್ ಇಟ್ಟದ್ದಕ್ಕೆ ಅಂಕವುಂಟು. ಲಿಖಿತಪಾಠಕನ ಮುಂದೆ ಪಿಡಿಎಫ್ ತೆರೆದೇ ಇದೆ.

ಆ ಪಿಡಿಎಫ್ ಬೇರೆಯದೇ ಒಂದು ಪುರಾಣ. ಶ್ರೀರುದ್ರ ಬರುವ ತೈತ್ತಿರೀಯ ಶಾಖೆಯಲ್ಲಿ ಅಕ್ಷರದ ಕೆಳಗಿನ ಅಡ್ಡಗೆರೆ ತಗ್ಗು ಸ್ವರವಾದ ಅನುದಾತ್ತ, ಮೇಲಿನ ನೆಟ್ಟಗೆರೆ ಎರಡೂ ಬೆರೆತ ಸ್ವರಿತ, ಎತ್ತರದ ಸ್ವರವಾದ ಉದಾತ್ತಕ್ಕೆ ಗುರುತಿಲ್ಲ. ಯೂನಿಕೋಡ್ ಮಾತ್ರ ಆ ನೆಟ್ಟಗೆರೆಗೆ 0951 ಎಂಬ ಸಂಖ್ಯೆ ಕೊಟ್ಟು ಹೆಸರನ್ನು 'ಉದಾತ್ತ' ಎಂದೇ ಇಟ್ಟಿದೆ. ಆ ಹೆಸರು ನಂಬಿ ಆನ್‌ಲೈನ್ ಕ್ವಿಜ್ ಮಾಡಿದರೆ ಪಾಠಶಾಲೆಯಲ್ಲಿ ಕಲಿತು ಬಂದ ಹುಡುಗನಿಗೆ ಸೊನ್ನೆ. ಕನ್ನಡ ಫಾಂಟು ಹೊಂದದಿದ್ದರೆ ಗೆರೆ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ, ಇಲ್ಲವೇ ಚುಕ್ಕಿಚುಕ್ಕಿಯ ವೃತ್ತವೊಂದು ಎದ್ದು ನಿಲ್ಲುತ್ತದೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿದ ತ್ವಷ್ಟೃವಿನ ಕಥೆಯುಂಟು. 'ಇಂದ್ರಶತ್ರು' ಎಂಬ ಪದದಲ್ಲಿ ಉದಾತ್ತ ಕೊನೆಯಿಂದ ಮೊದಲಿಗೆ ಜಾರಿ 'ಇಂದ್ರನನ್ನು ಕೊಲ್ಲುವವನು' ಎಂಬ ಅರ್ಥ 'ಇಂದ್ರನಿಂದ ಸಾಯುವವನು' ಎಂದಾದದ್ದಕ್ಕೆ ಆ ಮಗ ವೃತ್ರ ಸತ್ತ. ಪಾಪ, ತ್ವಷ್ಟೃವಿನ ಬಳಿ ಫಾಂಟ್ ಸರಿಯಿರಲಿಲ್ಲ ಎಂಬ ನೆಪವೂ ಇರಲಿಲ್ಲ.

ಶುಕ್ಲ ಯಜುರ್ವೇದದ ಮಾಧ್ಯಂದಿನ ಪರಂಪರೆಯಲ್ಲಿ ಸ್ವರದ ಜೊತೆ ಕೈಯೂ ಚಲಿಸಬೇಕು. ಹಿಮಾಲಯದ ವರ್ಚುವಲ್ ಬ್ಯಾಕ್‌ಗ್ರೌಂಡ್ ಆ ಕೈಯನ್ನು ಮಣಿಕಟ್ಟಿನವರೆಗೆ ನುಂಗುತ್ತದೆ. ಹೆಬ್ಬೆರಳೊಂದು ಮೇಲೆದ್ದರೆ ಆ್ಯಪಲ್ ಲ್ಯಾಪ್‌ಟಾಪು ತಾನಾಗಿ ಲೈಕ್ ಗುಳ್ಳೆ ಹಾರಿಸುತ್ತದೆ.

ಇನ್ನು ಹಾಜರಿ. ಎರಡೂ ಪಕ್ಷಗಳ ಪ್ರತಿಪದೆ, ಅಷ್ಟಮಿ, ಚತುರ್ದಶಿ, ಜೊತೆಗೆ ಹುಣ್ಣಿಮೆ, ಅಮಾವಾಸ್ಯೆ ಸೇರಿದರೆ 30 ತಿಥಿಗಳಲ್ಲಿ 8 ಅನಧ್ಯಯನ, ಅಂದರೆ ವೇದಪಾಠಕ್ಕೆ ರಜೆ. ಉಳಿದದ್ದು 22, ಅಂದರೆ ಶೇ 73. ಸರ್ಟಿಫಿಕೇಟಿಗೆ ಬೇಕಾದದ್ದು ಶೇ 75. ಶಾಸ್ತ್ರ ಪಾಲಿಸಿದವನು ಕಟ್ಟುನಿಟ್ಟಾಗಿ ಫೇಲು, ಅಮಾವಾಸ್ಯೆಯಂದೂ ಲಾಗಿನ್ ಆದವನಿಗೆ 'ಸ್ಟ್ರೀಕ್' ಬ್ಯಾಡ್ಜು. ನ್ಯೂಜೆರ್ಸಿಯ ಮಗುವಿನ ಪಾಡು ಇನ್ನೂ ಸಿಕ್ಕು. ಅಲ್ಲಿ ರಾತ್ರಿ 8:30 ಆದಾಗ ಮೈಸೂರಿನಲ್ಲಿ ಬೆಳಗಿನ 6. ಇಲ್ಲಿ ಅಷ್ಟಮಿ ಬೆಳಗಾಗಿದೆ, ಅಲ್ಲಿನ್ನೂ ಸಪ್ತಮಿಯ ರಾತ್ರಿ. ಯಾರ ಅನಧ್ಯಯನ ಲೆಕ್ಕಕ್ಕೆ? ನವೆಂಬರಿನಲ್ಲಿ ಅಮೆರಿಕ ಗಡಿಯಾರ ಹಿಂದಕ್ಕೆ ತಿರುಗಿಸಿದೊಡನೆ ಅದೇ ಪಾಠ 7:30ಕ್ಕೆ ಜಿಗಿದು ಊಟದ ತಟ್ಟೆಗೆ ಬೀಳುತ್ತದೆ.

ಹಾಗೆಂದು ದೂರದಿಂದ ಕಲಿಸಲಾಗುವುದೇ ಇಲ್ಲ ಎನ್ನಲಾಗದು. ಒಬ್ಬ ಗುರು, ಒಬ್ಬ ಶಿಷ್ಯ, ದಿನಕ್ಕೆ ನಾಲ್ಕು ವಾಕ್ಯ; ಹೇಳಿದ್ದನ್ನು ಫೋನಿನ ರೆಕಾರ್ಡರಿನಲ್ಲೇ ಹಿಡಿದು ಕಳಿಸುವುದು, ಕೇಳಿ ತಿದ್ದಿದ ಮೇಲಷ್ಟೇ ಮುಂದಿನ ಸಂಥೆ. ಹೀಗೆ ಕಲಿಸಿದರೆ ನಡೆಯುತ್ತದೆ. ಆದರೆ 40 ಸೀಟು ತುಂಬುವುದಿಲ್ಲ, ಪೋಸ್ಟರಿಗೂ ಒಗ್ಗುವುದಿಲ್ಲ.

ಪೋಸ್ಟರಿಗೆ ಒಗ್ಗುವಂಥದ್ದು ಮುಂದಿನ ಬ್ಯಾಚು: ಘನಪಾಠ, ಎಐ ನೋಟ್ಸ್ ಸಹಿತ. ಘನದಲ್ಲಿ ಮೂರು ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು 13 ಪದವಾಗಿ ಹೇಳುತ್ತಾರೆ. ಪಾಠ ಮುಗಿದ ಅರ್ಧ ಗಂಟೆಯೊಳಗೆ ಮಿಂಚಂಚೆಗೆ ಸಾರಾಂಶ ಬಂದಿರುತ್ತದೆ: 'ವಕ್ತಾರರು ಮೂರೇ ಪದಗಳನ್ನು ಹಿಂದುಮುಂದಾಗಿ ಪುನರಾವರ್ತಿಸಿದರು. ಪುನರುಕ್ತಿ ತೆಗೆಯಲಾಗಿದೆ. ಸಭೆಯಲ್ಲಿ ಯಾವುದೇ ನಿರ್ಣಯ ಕೈಗೊಂಡಿಲ್ಲ.'