ಬೆಳಗಾವಿಯಿಂದ ಬೆಂಗಳೂರಿಗೆ: 450, 500, 611

"ಕಾಕಾ, ವಿಮಾನಕ್ಕ ಬಂದ್ಬಿಡ್ರಿ, ಒಂದ್ ತಾಸಿನ ದಾರಿ" ಅಂತ ಬೆಂಗಳೂರಿನಲ್ಲಿರೋ ಅಣ್ಣನ ಮಗ ಯಾವಾಗಲೂ ಹೇಳುತ್ತಾನೆ. ಖರೆ, ಆದರೆ ಅದು ನಮ್ಮೂರ ವಿಮಾನ ನಿಲ್ದಾಣ ಸಾಂಬ್ರಾದಿಂದ ದೇವನಹಳ್ಳಿಗೆ. ನಾನು ಇರೋದು ಟಿಳಕವಾಡಿಯಲ್ಲಿ, ಅವನು ಜಯನಗರದಲ್ಲಿ.

ನೇರ ಗೆರೆ ಎಳೆದರೆ ಎರಡು ವಿಮಾನ ನಿಲ್ದಾಣಗಳ ನಡುವೆ ಸುಮಾರು 450 ಕಿ.ಮೀ. ಈ ದಾರಿಗೆ ಎಟಿಆರ್ ಅಂತ ಹಿಡಿಯಿರಿ, ಅಂದ್ರೆ ರೆಕ್ಕೆಗೆ ಫ್ಯಾನ್ ಇರೋ ಚಿಕ್ಕ ವಿಮಾನ. ತಾಸಿಗೆ ಹೆಚ್ಚುಕಮ್ಮಿ 500 ಕಿ.ಮೀ. ಓಡುತ್ತದೆ. ಏರೋದು, ಇಳಿಯೋದು, ರನ್‌ವೇವರೆಗೆ ಉರುಳೋದು ಸೇರಿಸಿ ಒಂದೂಕಾಲು ತಾಸು ಹಿಡಿಯಿರಿ. ಅದಕ್ಕೆ ಮೊದಲು ಸಾಂಬ್ರಾಕ್ಕೆ ಅರ್ಧ ತಾಸು, ಅಲ್ಲಿ ಒಂದೂವರೆ ತಾಸು ಕಾಯೋದು. ಚೆಕಿಂಗ್‌ನಲ್ಲಿ ಕುಂದಾ ಡಬ್ಬಿ ತೆಗೆಸಿ ನೋಡಿ, ಮತ್ತೆ ಕಟ್ಟೋಕೆ ದಾರ ಸಿಗದೆ ಒದ್ದಾಡೋದು ಬೇರೆ. ಇಳಿದ ಮೇಲೆ ಬ್ಯಾಗು, ಆಮೇಲೆ ಹೆಬ್ಬಾಳದ ಟ್ರಾಫಿಕ್ಕು. ಎಲ್ಲ ಕೂಡಿ ಐದೂವರೆ ತಾಸು. ಆದರೂ ಬೇಗನೇ, ಇಲ್ಲ ಅನ್ನೋಲ್ಲ. ಅರ್ಜೆಂಟ್ ಇದ್ದವರು ಹೋಗಲಿ.

ನನ್ನ ತಕರಾರು ಬೇರೆ. ರಸ್ತೆ ಮೇಲೆ ಇದೇ ಊರು ಸುಮಾರು 500 ಕಿ.ಮೀ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಅಂತ ಹೈವೇ ಬಹುತೇಕ ನೇರವಾಗೇ ಹೋಗುತ್ತದೆ. ರೈಲಿಗೆ ಮಾತ್ರ 611 ಕಿ.ಮೀ! ಬೆಂಗಳೂರು ಇರೋದು ಆಗ್ನೇಯಕ್ಕೆ. ನಮ್ಮ ರೈಲು ಬೆಳಗಾವಿ ಬಿಟ್ಟು ಮೊದಲು ಖಾನಾಪುರದ ಕಾಡು ಹೊಕ್ಕು ಗೋವಾ ಕಡೆಯ ಲೋಂಡಾಕ್ಕೆ ಹೋಗುತ್ತದೆ. 1880ರ ದಶಕದಲ್ಲಿ ಹಳಿ ಹಾಕಿದವರಿಗೆ ಗೋವಾದ ಮಾರ್ಮಗೋವಾ ಬಂದರು ಮುಖ್ಯವಾಗಿತ್ತು, ನಮ್ಮ ಬೆಂಗಳೂರು ಪ್ರಯಾಣ ಅಲ್ಲ. ಅದಕ್ಕೇ 80 ಕಿ.ಮೀ. ದೂರದ ಧಾರವಾಡಕ್ಕೆ ರೈಲಿನಲ್ಲಿ 121 ಕಿ.ಮೀ. ಆಗೋದು. ಮುಂದೆ ದಾವಣಗೆರೆಯಿಂದ ಅರಸೀಕೆರೆಗೆ ಇನ್ನೊಂದು ಸುತ್ತು.

2025ರ ಆಗಸ್ಟ್‌ನಿಂದ ವಂದೇ ಭಾರತ್ ಬಂದಿದೆ. ಸೀಟು ಚೆಂದ, ಎಸಿ ಚೆಂದ. ಆದರೆ ಎಂಟೂವರೆ ತಾಸು ಹಿಡಿಯುತ್ತದೆ. ರೈಲು ಹೊಸದು, ಹಳಿ ಮಾತ್ರ ಅದೇ ಹಳೇ ಸುತ್ತಿನದು.

ಹಳಿ ನೇರ ಮಾಡೋ ಯೋಜನೆ ಇಲ್ಲ ಅಂತಲ್ಲ. ಕಿತ್ತೂರು ಮೇಲೆ ಧಾರವಾಡಕ್ಕೆ 73 ಕಿ.ಮೀ. ಹೊಸ ಮಾರ್ಗ ಮಂಜೂರಾಗಿದೆ. ಚಿತ್ರದುರ್ಗದ ಮೇಲಿನ ತುಮಕೂರು-ದಾವಣಗೆರೆ ಮಾರ್ಗದ ಯೋಜನೆ ಅದಕ್ಕೂ ಹಳೇದು. ಎರಡೂ ಮುಗಿದರೆ ನೂರು ಕಿ.ಮೀ.ಗೂ ಜಾಸ್ತಿ ಉಳಿತಾಯ, ಅಂದರೆ ರೈಲೂ ರಸ್ತೆಯಷ್ಟೇ ಹತ್ತಿರ. ಆಗ ಸ್ಟೇಷನ್ನಿಗೆ ನಡೆದು ಹೋಗಿ, ಮೆಜೆಸ್ಟಿಕ್ ಬಳಿ ಇಳಿದು, ಮೆಟ್ರೋ ಹಿಡಿದರೆ ಆಯ್ತು. ವಿಮಾನದ ಐದೂವರೆ ತಾಸಿಗೆ ಒಳ್ಳೆ ಪೈಪೋಟಿ ಕೊಡಬಹುದು, ಅಲ್ವಾ?

ಹೊಸ ವಿಮಾನ ಬಂತು, ಇದ್ದ ವಿಮಾನ ನಿಂತಿತು ಅಂದ್ರೆ ಊರೆಲ್ಲ ಸುದ್ದಿ. ಕಿತ್ತೂರು ಮಾರ್ಗದ ಬಗ್ಗೆ ಯಾರೂ ಅಷ್ಟು ಗಲಾಟೆ ಮಾಡೋಲ್ಲ. ಮಾಡಿದವರು ಅಂದ್ರೆ ನಂದಿಹಳ್ಳಿ, ಗರ್ಲಗುಂಜಿ ಕಡೆಯ ರೈತರು, ಅದೂ ಫಲವತ್ತಾದ ಹೊಲ ಹೋಗುತ್ತದೆ ಅಂತ. ಬರಡು ಜಮೀನಿನ ಕಡೆ ಮಾರ್ಗ ಹೊರಳಿಸಿ ಅಂತ ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಕ್ಷೆ ಹಿಡಿದು ಅವರ ಹೊಲದ ಬದುವಿನ ಮೇಲೇ ಕೂತು ಮಾತಾಡಲಿ. ಆಗೋದಿದ್ದರೆ ಹೊರಳಿಸಲಿ, ಆಗದಿದ್ದರೆ ಇವತ್ತಿನ ಮಾರ್ಕೆಟ್ ರೇಟು ಕೈಗೆ ಕೊಟ್ಟು ಆಮೇಲೆ ಕೆಲಸ ಹಿಡಿಯಲಿ.