ವಿಲಂಬಿತ್‌ಗೆ ಬೇಡ, ಭೈರವಿಗೆ ಬನ್ನಿ

ಕೈಗೂಸನ್ನು ಬೈಠಕ್‌ಗೆ, ಅಂದರೆ ಮನೆಯಲ್ಲೇ ಕೂತು ಕೇಳುವ ಹಿಂದೂಸ್ತಾನಿ ಕಛೇರಿಗೆ, ಕರೆತರಬಹುದಾ ಬಾರದಾ ಅಂತ ನಮ್ಮ ಸಂಗೀತದ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ದಿನದಿಂದ ಜಗಳ. ಜಗಳ ಶುರುವಾಗಿದ್ದೇ ನನ್ನ ಮಗಳಿಂದ. ಅದಕ್ಕೇ ಅಲ್ಲಿ ಬಾಯಿ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಆಗಿದ್ದು ಇಷ್ಟು. ಶಿರಸಿಯಿಂದ ಸ್ವಲ್ಪ ದೂರದ ಒಂದು ಊರು, ದೊಡ್ಡ ಮನೆ. ಜಗಲಿಯಲ್ಲಿ ಬೈಠಕ್, ಅಂಗಳದಲ್ಲಿ ಚಪ್ಪರ, ಅಲ್ಲೇ ಚಾ-ಕಷಾಯ. ಬಾಣಂತನ ಮುಗಿಸಿ ನಾನು ಜನರ ಎದುರು ಕೂತು ಹಾಡಿದ್ದು ಅದೇ ಮೊದಲು. ಮಗಳಿಗೆ ನಾಲ್ಕೂವರೆ ತಿಂಗಳು. ಹಾಲು ಕುಡಿಸಿ, ಅತ್ತೆಯ ಮಡಿಲಿಗೆ ಕೊಟ್ಟು ಕೂತೆ. ಅತ್ತೆ ಮೂರನೇ ಸಾಲು. ಗಂಡ ಮೊಬೈಲ್ ಸ್ಟ್ಯಾಂಡ್ ಹಾಕಿ ರೆಕಾರ್ಡ್ ಮಾಡ್ತಾ ಇದ್ದ. ಸೂರ್ಯ ಮುಳುಗುವ ಹೊತ್ತು, ಮಾರ್ವಾ ರಾಗ ಹಿಡಿದೆ.

ಮಾರ್ವಾ ಹಾಡುವವರಿಗೆ ಗೊತ್ತು, ಅದರಲ್ಲಿ ಪಂಚಮ ಇಲ್ಲ, ಷಡ್ಜ (ಆಧಾರ ಸ್ವರವಾದ ಸ) ಇದ್ದೂ ಇಲ್ಲದ ಹಾಗೆ. ಕೋಮಲ ರಿಷಭದಲ್ಲಿ ನಿಲ್ಲಬೇಕು, ಧೈವತದಲ್ಲಿ ನಿಲ್ಲಬೇಕು, ಕೇಳುವವರು ಷಡ್ಜಕ್ಕೆ ಹಸಿಯುವಷ್ಟು ಹೊತ್ತು ಅದನ್ನು ತಪ್ಪಿಸಿಕೊಂಡು ತಿರುಗಬೇಕು. ವಿಲಂಬಿತ್ (ತೀರ ನಿಧಾನ ಲಯದ) ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಒಂದು ನಿಮಿಷವೇ ಹಿಡಿದರೂ ಹಿಡಿಯಿತು. ಹಾಗೆ ಹತ್ತು ನಿಮಿಷ ತಡೆದು ತಡೆದು ಕಟ್ಟಿಕೊಂಡು ಬಂದಿದ್ದೆ. ರೆಕಾರ್ಡಿಂಗ್‌ನಲ್ಲಿ ನೋಡಿದರೆ ಹನ್ನೊಂದನೇ ನಿಮಿಷಕ್ಕೆ ಮೊದಲ ಕುಂಯ್. ಆಮೇಲೆ ಇನ್ನೊಂದು. ಆಮೇಲೆ ಪೂರಾ ಬಾಯಿ ಬಿಟ್ಟಳು.

ನನ್ನ ಪಟ್ಟಿ (ಹಾಡುವ ಶ್ರುತಿ) ಕಾಳೀ ನಾಲ್ಕು, ಹಾರ್ಮೋನಿಯಮ್ಮಿನ ನಾಲ್ಕನೇ ಕರಿ ಮನೆ. ಅಂದರೆ ತಾರ ಷಡ್ಜ (ಮೇಲಿನ ಸ) ಸುಮಾರು 415 ಹರ್ಟ್ಜ್. ಮನೆಗೆ ಬಂದು ರೆಕಾರ್ಡಿಂಗ್‌ಗೆ ಟ್ಯೂನರ್ ಆ್ಯಪ್ ಹಿಡಿದು ನೋಡಿದೆ (ಹೌದು, ನನಗೆ ಅಷ್ಟು ತಲೆ ಕೆಟ್ಟಿತ್ತು). ಮಗಳು 430ರ ಆಸುಪಾಸು. ನನ್ನ ತಾರ ಷಡ್ಜಕ್ಕೂ ಕೋಮಲ ರಿಷಭಕ್ಕೂ ಸರಿಯಾಗಿ ನಡುವೆ. ಇದು ಅವಳೊಬ್ಬಳದೇ ಕಥೆಯಲ್ಲ, ಎಳೆ ಮಕ್ಕಳ ಅಳು ಸಾಮಾನ್ಯವಾಗಿ 400ರಿಂದ 500 ಹರ್ಟ್ಜ್ ಒಳಗೇ ಇರುತ್ತದೆ. ಹೆಂಗಸರು ಹಾಡುವಾಗ ತಾರ ಷಡ್ಜ ಕೂರುವ ಜಾಗವೂ ಅದೇ. ಹಾಗಾಗಿ ಕೂಸಿನ ಅಳು ಕೆಮ್ಮಿನ ಹಾಗಲ್ಲ, ಬೈಕಿನ ಸದ್ದಿನ ಹಾಗೂ ಅಲ್ಲ. ಅದು ಸ್ವರ. ತಂಬೂರಿಯ ಪಕ್ಕ ಇನ್ನೊಬ್ಬರು ಬೇರೆ ಪಟ್ಟಿಯಲ್ಲಿ ತಂಬೂರಿ ಮೀಟಿದ ಹಾಗೆ. ಹತ್ತು ನಿಮಿಷ ನಾನು ಮುಟ್ಟದೆ ಇಟ್ಟುಕೊಂಡಿದ್ದ ಷಡ್ಜವನ್ನು ಅವಳು ಬಂದು ಮುಟ್ಟಿದಳು, ಅದೂ ಬೇಸುರಾ.

ಇದರ ಜೊತೆಗೆ ಇನ್ನೊಂದು ಆಯಿತು, ಗಂಡಸರು ಬೇಕಾದರೆ ಈ ಪ್ಯಾರಾ ಬಿಡಿ. ಕೂಸು ಅತ್ತರೆ ತಾಯಿಗೆ ಹಾಲು ಇಳಿಯುತ್ತದೆ. ಕೂಸು ಮಡಿಲಲ್ಲೇ ಇರಬೇಕೆಂದಿಲ್ಲ, ಅಳು ಕಿವಿಗೆ ಬಿದ್ದರೆ ಸಾಕು. ಆಕ್ಸಿಟೋಸಿನ್ ಅನ್ನುವ ಹಾರ್ಮೋನಿಗೆ ರಾಗ ತಾಳದ ಗೊಡವೆ ಇಲ್ಲ. ಎದೆ ಜುಮ್ ಅಂತು. ಒಂದು ಕೈಯಲ್ಲಿ ಸ್ವರ ತೋರಿಸುತ್ತ ಇನ್ನೊಂದು ಕೈಯಲ್ಲಿ ಸೆರಗು ಎಳೆದುಕೊಂಡೆ. ಸಮ್, ಅಂದರೆ ತಾಳದ ಮೊದಲ ಪೆಟ್ಟು, ತಪ್ಪಿತು. ತಬಲಾದವರು ಒಳ್ಳೆಯವರು, ಠೇಕಾ ಬಿಡದೆ ಮುಂದಿನ ಸಮ್‌ಗೆ ನನ್ನನ್ನು ಎತ್ತಿಕೊಂಡರು. ಮುಂದೆ ಕೂತ ಹಿರಿಯರೊಬ್ಬರು "ತಂಗೀ, ಹಾಡು ನಿಲ್ಸಡ" (ನಿಲ್ಲಿಸಬೇಡ) ಅಂದರು. ಅವರ ಹಿಂದೆ ಕೂತವರೊಬ್ಬರು ಅತ್ತೆಯ ಕಡೆ ತಿರುಗಿ ನೋಡಿದ ನೋಟ ಮಾತ್ರ ನಾನು ವೇದಿಕೆಯಿಂದಲೇ ಕಂಡೆ.

ಅತ್ತೆ ಎದ್ದು ಅಂಗಳಕ್ಕೆ ಹೋದರು. ಅಂಗಳದಲ್ಲಿ ಎರಡು ನಿಮಿಷದಲ್ಲಿ ಮಗಳು ತಣ್ಣಗೆ. ಹಸಿವೂ ಇರಲಿಲ್ಲ, ಹೊಟ್ಟೆನೋವೂ ಅಲ್ಲ. ಹಾಗಾದರೆ ಎಂತಕ್ಕೆ ಅತ್ತಳು? ಅತ್ತೆ ರಾತ್ರಿ ಹೇಳಿದ ಮೇಲೆ ಗೊತ್ತಾಯಿತು. ನಾನು ಕೂತಿದ್ದು ನಡುವೆ, ಸ್ಪೀಕರ್ ಇದ್ದದ್ದು ಎಡಗಡೆ ಕಂಬದ ಹತ್ತಿರ. ಅತ್ತೆ ಕೂತ ಜಾಗಕ್ಕೆ ನನ್ನ ದನಿ ಬರ್ತಾ ಇದ್ದದ್ದು ಆ ಪೆಟ್ಟಿಗೆಯಿಂದ. ಕೂಸು ನನ್ನ ದನಿ ಕೇಳಿದಾಗಲೆಲ್ಲ ಪೆಟ್ಟಿಗೆ ಕಡೆ ಕತ್ತು ತಿರುಗಿಸುತ್ತಿತ್ತಂತೆ. ನಗುತ್ತಿತ್ತಂತೆ. ಕಾಯುತ್ತಿತ್ತಂತೆ. ದನಿ ಇದೆ, ಆಯಿ ಇಲ್ಲ. ಹತ್ತು ನಿಮಿಷ ಆ ಕರಿ ಪೆಟ್ಟಿಗೆಯನ್ನು ನೋಡಿ ನೋಡಿ ಕೊನೆಗೆ ತುಟಿ ಡೊಂಕಾಯಿತಂತೆ.

1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಇಬ್ಬರು ಸಂಶೋಧಕರು, ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಚೀಪುವ ರೀತಿಗೆ ತಕ್ಕಂತೆ ತಾಯಿಯ ದನಿಯೋ ಬೇರೆ ಹೆಂಗಸಿನ ದನಿಯೋ ಕೇಳುವ ಹಾಗೆ ಮಾಡಿದ್ದರು. ಶಿಶುಗಳು ತಾಯಿಯ ದನಿ ಬರುವ ಹಾಗೆಯೇ ಚೀಪಿದವು. ಬಸಿರಿನ ಕೊನೆಯ ತಿಂಗಳುಗಳಲ್ಲೇ ಕಿವಿ ಕೇಳಿಸುತ್ತದಲ್ಲ. ನಾನೋ ಏಳನೇ ತಿಂಗಳವರೆಗೆ ರಿಯಾಜ್ (ಹಾಡಿನ ಅಭ್ಯಾಸ) ಬಿಟ್ಟವಳಲ್ಲ. ಗ್ರೂಪಿನಲ್ಲಿ ಒಬ್ಬರು "ಹೊಟ್ಟೆಯಲ್ಲೇ ಮಾರ್ವಾ ಕೇಳಿದ ಕೂಸು, ಸಂಸ್ಕಾರ ಇದೆ, ಸುಮ್ಮನೆ ಕೂರುತ್ತದೆ" ಅಂತ ಮೊದಲೇ ಬರೆದಿದ್ದರು. ಸಂಸ್ಕಾರ ಇದ್ದದ್ದಕ್ಕೇ ಅತ್ತಳು ಸ್ವಾಮಿ. ಬೇರೆ ಯಾರೋ ಹಾಡಿದ್ದರೆ ಮಲಗಿಬಿಡುತ್ತಿದ್ದಳೋ ಏನೋ.

ಈಗ ವಾದಕ್ಕೆ ಬರೋಣ. "ನಾವೆಲ್ಲ ಯಕ್ಷಗಾನದ ಆಟದ ಬಯಲಲ್ಲೇ ಬೆಳೆದವರು, ನಮ್ಮನ್ನು ಯಾರು ಹೊರಗೆ ಹಾಕಿದ್ದರು?" ಅನ್ನುವವರು ತುಂಬ ಜನ. ನಿಜ. ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಟ ಆಡುತ್ತಿದೆ, ಅದರ ಎದುರು ಎಷ್ಟು ತಲೆಮಾರಿನ ಕೂಸುಗಳು ಕಂಬಳಿ ಮೇಲೆ ಮಲಗಿದ್ದವೋ ಲೆಕ್ಕ ಇಟ್ಟವರಿಲ್ಲ. ನಾನೂ ಮಲಗಿದವಳೇ. ರಾಕ್ಷಸ ವೇಷ ಬರುವಾಗ ಅಪ್ಪ ತಟ್ಟಿ ಎಬ್ಬಿಸುತ್ತಿದ್ದ, ನೋಡಿ ಹೆದರಿ ಮತ್ತೆ ಮಲಗುವುದು. ಆದರೆ ಆಟ ಅಂದರೆ ಬಯಲು. ಚಂಡೆ ಇದೆ, ಭಾಗವತರ ಏರು ದನಿ ಇದೆ, ಹಿಂದೆ ಮಿರ್ಚಿ ಕರಿಯುವ ಅಂಗಡಿ ಇದೆ. ಕೂಸು ಅತ್ತರೆ ಪಕ್ಕದವರಿಗೇ ಕೇಳುವುದಿಲ್ಲ. ಅಲ್ಲಿ ಕೂಸಿನಿಂದ ಆಟಕ್ಕೆ ತೊಂದರೆ ಇಲ್ಲ, ತೊಂದರೆ ಇದ್ದರೆ ಆಟದಿಂದ ಕೂಸಿಗೆ. ಚಂಡೆಯ ಬುಡದಲ್ಲಿ, ಸ್ಪೀಕರ್ ಪಕ್ಕದಲ್ಲಿ ಎಳೆ ಕೂಸನ್ನು ಮಲಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 85 ಡೆಸಿಬಲ್ ದಾಟಿದ ಸದ್ದು ತಾಸುಗಟ್ಟಲೆ ಬಿದ್ದರೆ ದೊಡ್ಡವರ ಕಿವಿಗೇ ಒಳ್ಳೆಯದಲ್ಲ. ಹಿಂದೆ ಹೋಗಿ ಕೂರಿ.

ತಾಳಮದ್ದಳೆ ಹಾಗಲ್ಲ, ಬೈಠಕ್ ಹಾಗಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದು ಮಾತು. ಕರ್ಣ ಹೇಳಿದ ಒಂದು ವಾಕ್ಯ ಕೂಸಿನ ಅಳುವಲ್ಲಿ ಹೋಯಿತೆಂದರೆ ಕೃಷ್ಣ ಅದಕ್ಕೆ ಕೊಟ್ಟ ಉತ್ತರ ಯಾರಿಗೂ ದಕ್ಕುವುದಿಲ್ಲ. ಮದುವೆಗೆ ಮುಂಚೆ ಸಿದ್ದಾಪುರದ ಕಡೆ ಒಂದು ತಾಳಮದ್ದಳೆಯಲ್ಲಿ, ಕೂಸು ಅಳುತ್ತಿದ್ದರೂ ಏಳದೆ ಕೂತಿದ್ದ ಒಬ್ಬಳನ್ನು ನಾನೂ ಮೊನ್ನೆಯವರ ಹಾಗೆಯೇ ತಿರುಗಿ ನೋಡಿದ್ದೆ. ಅವಳು ಏಳಬೇಕಿತ್ತು ಅನ್ನುವ ಅಭಿಪ್ರಾಯ ನನಗೆ ಈಗಲೂ ಇದೆ. ಹಾಗೆ ನೋಡಬಾರದಿತ್ತು, ಅಷ್ಟೇ.

ಹಾಗಂತ ಆಮಂತ್ರಣ ಪತ್ರಿಕೆಯಲ್ಲಿ "ಚಿಕ್ಕ ಮಕ್ಕಳನ್ನು ಕರೆತರಬಾರದು" ಅಂತ ಅಚ್ಚು ಹಾಕಿಸಿ ಎಂದವರ ಜೊತೆಗೂ ನಾನಿಲ್ಲ. ಅದರ ಅರ್ಥ ಕೂಸಿನ ತಾಯಿ ವರ್ಷಗಟ್ಟಲೆ ಬರಬಾರದು ಅಂತ, ಬೇರೇನಲ್ಲ. ಅಪ್ಪಂದಿರು ಹೇಗೂ ಬಂದೇ ಬರುತ್ತಾರೆ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರುಗಳ ಶಿಷ್ಯರಾದ ಹಾಸಣಗಿ ಗಣಪತಿ ಭಟ್ಟರು, ಪರಮೇಶ್ವರ ಹೆಗಡೆಯವರು ನಮ್ಮ ಜಿಲ್ಲೆಯವರು. ಅವರನ್ನು ಕೇಳಿ ಕೇಳಿ ಅಡಿಕೆ ಸುಲಿಯುವವರೂ ಸಮ್‌ಗೆ ತಲೆದೂಗುವ ಸೀಮೆ ಇದು. ಇಲ್ಲಿ ಹಾಡು ಕೇಳಬೇಡ ಅಂದರೆ ಊಟ ಬೇಡ ಅಂದ ಹಾಗೆ. ಮತ್ತೆ, ಅಳುವ ಕೂಸಿನ ಮೇಲೆ ಕಣ್ಣು ಕೆಂಪು ಮಾಡುವ ಮಂದಿಯೇ ಆಲಾಪದ ನಡುವೆ ಕವಳದ (ಎಲೆ-ಅಡಿಕೆಯ) ಹರಿವಾಣ ದರದರ ಎಳೆಯುತ್ತಾರೆ, ಅಡಕತ್ತರಿಯಲ್ಲಿ ಕಟ್ ಕಟ್ ಮಾಡುತ್ತಾರೆ. ಮೊಬೈಲ್ ಸುದ್ದಿ ನಾನು ಎತ್ತುವುದೇ ಇಲ್ಲ.

ನಾನು ಹೇಳುವುದು, ಹೊತ್ತು ನೋಡಿ ಬನ್ನಿ. ಎಳೆ ಕೂಸುಗಳಿಗೆ ಸಂಜೆ ಆದ ಹಾಗೆ ಕಿರಿಕಿರಿ. ಹುಟ್ಟಿದ ಆರನೇ ವಾರದ ಹೊತ್ತಿಗೆ ಅದು ಜೋರು, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಮ್ಮ ಬೈಠಕ್‌ಗಳು ಶುರುವಾಗುವುದೂ ಸರಿಯಾಗಿ ಅದೇ ಹೊತ್ತಿಗೆ, ಅದೂ ವಿಲಂಬಿತ್‌ನಿಂದ. ಆ ಮೊದಲ ತಾಸು ಕೂಸು ಜಗಲಿಯ ಒಳಗೆ ಬೇಡ, ಅಂಗಳದಲ್ಲಿರಲಿ. ದ್ರುತ್ (ವೇಗದ ಲಯ) ಹತ್ತಿದ ಮೇಲೆ ಬಾಗಿಲ ಹತ್ತಿರ ಬಂದು ಕೂರಿ. ಕೊನೆಗೆ ಭಜನ್, ಮುಕ್ತಾಯದ ರಾಗ ಭೈರವಿ ಬಂದಾಗ ಮುಂದೆಯೇ ಬನ್ನಿ, ಕೂಸು ಅತ್ತರೂ ಚಿಂತಿಲ್ಲ, ಅಷ್ಟು ಹೊತ್ತಿಗೆ ಹಾಡುವವರ ಮೈ ಬಿಟ್ಟಿರುತ್ತದೆ. ಏಳುವುದಾದರೆ ಮೊದಲ ಕುಂಯ್‌ಗೇ ಏಳಿ, ಮೂರನೆಯದಕ್ಕೆ ಕಾಯಬೇಡಿ. ಕೂಸಿನ ತಾಯಿಯೇ ಹಾಡುತ್ತಿದ್ದರಂತೂ ಅವಳ ಕಿವಿಗೆ ಬೀಳದಷ್ಟು ದೂರ ಕರೆದುಕೊಂಡು ಹೋಗಿ.

ಕಾರ್ಯಕ್ರಮ ಮಾಡುವವರಿಗೆ ಒಂದೇ ಕೋರಿಕೆ. ಅಂಗಳದ ಕಡೆಗೆ ಒಂದು ಸಣ್ಣ ಸ್ಪೀಕರ್, ಕೆಳಗೆ ಒಂದು ಚಾಪೆ, ಹಾಲು ಕುಡಿಸಲು ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ. ಹಳೇ ಮನೆಗಳಲ್ಲಿ ಕೋಣೆಗೆ ಬರ ಇಲ್ಲ. ಹಾರ, ಶಾಲು, ಸ್ವಾಗತ ಭಾಷಣಕ್ಕೆ ಹೋಗುವ ಅರ್ಧ ತಾಸಿನಲ್ಲಿ ಇದೆಲ್ಲ ಆಗುತ್ತದೆ.

ಮುಂದಿನ ತಿಂಗಳು ಮತ್ತೆ ಒಂದು ಕಡೆ ಕರೆದಿದ್ದಾರೆ, ಈ ಸಲ ಪೂರಿಯಾ ಧನಾಶ್ರೀ ರಾಗ ಅಂದುಕೊಂಡಿದ್ದೇನೆ. ನಿನ್ನೆ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತ ಅತ್ತೆ ಹೇಳಿದರು, "ನಾ ಈ ಸಲ ಮುಂದೆ ಕೂತ್ಕಳ್ತೆ. ಕೂಸ್ನ ಅವ ನೋಡ್ಕಳ್ಳಿ." ಗಂಡ ಕಾಫಿ ಲೋಟ ಕೆಳಗಿಟ್ಟು, "ಹಂಗಾರೆ ರೆಕಾರ್ಡಿಂಗ್ ಯಾರು ಮಾಡ್ತ್ರು?" ಅಂದ.